ಮೂಗರ್ಜಿ ಅಂಗಡಿಗೆ ಇಂಟರ್‌ನೆಟ್ ಬಂದದ್ದು

ಧೈರ್ಯವಂತರ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಆಗುವುದೆಲ್ಲ ನನ್ನಂಥ ಪುಕ್ಕಲರಿಗೇ, ಅದೂ ಒಂದಾದ ಮೇಲೆ ಒಂದು. ಬೀದಿನಾಯಿ ಹತ್ತು ಜನರನ್ನು ಬಿಟ್ಟು ನನ್ನ ಹಿಂದೆಯೇ ಬರುತ್ತದೆ. ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ, ಕೈಯಲ್ಲಿ ಟಿಕೆಟ್ ಇದ್ದರೂ ನಾನು ಬೆವರುತ್ತೇನೆ. ಅವರೂ ಸೀದಾ ನನ್ನ ಹತ್ತಿರವೇ ಬರುತ್ತಾರೆ. ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡ ಕಸುಬು ಯಾವುದು ಅಂತೀರಿ? ಊರವರ ದೂರುಗಳನ್ನು ಟೈಪು ಮಾಡಿಕೊಡುವುದು.

ಮೊದಲು ಟಿ. ನರಸೀಪುರದಲ್ಲಿ ಬೆರಳಚ್ಚು ಶಾಲೆ ಇಟ್ಟಿದ್ದೆ. ಆಮೇಲೆ ನಂಜನಗೂಡಿನ ಬಜಾರ್ ಬೀದಿಯಲ್ಲಿ ನಾಲ್ಕು ಕಂಪ್ಯೂಟರಿನ ಸೈಬರ್ ಸೆಂಟರ್. ಎರಡು ಕಡೆಯೂ ಬರುತ್ತಿದ್ದ ಅರ್ಜಿಗಳು ಎರಡೇ ಬಗೆಯವು. ಹೆಸರು ಹಾಕಿ ರುಜು ಮಾಡಿ ಕೊಡುವುದು ಒಂದು. ಹೆಸರೂ ಇಲ್ಲದೆ, ರುಜುವೂ ಇಲ್ಲದೆ, 'ಇಂತಿ, ನೊಂದ ನಾಗರಿಕರು' ಎಂದು ಮುಗಿಯುವುದು ಇನ್ನೊಂದು. ಈ ಎರಡನೆಯದಕ್ಕೆ ಕಚೇರಿಗಳಲ್ಲಿ ಮೂಗರ್ಜಿ ಅನ್ನುತ್ತಾರೆ. ಮೂಗರ್ಜಿ ಬರೆಸುವವರನ್ನು ನಾನು ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದೆ. ಎಡಗಡೆ ನೋಡಿ, ಬಲಗಡೆ ನೋಡಿ, ಚಪ್ಪಲಿಯನ್ನು ಪಕ್ಕದ ಅಂಗಡಿಯ ಮುಂದೆ ಬಿಟ್ಟು ಒಳಗೆ ಬರುತ್ತಿದ್ದರು.

ನನಗೆ ಟೈಪಿಂಗ್ ಕಲಿಸಿದ ಮೇಷ್ಟ್ರು ಒಂದೇ ಒಂದು ಬುದ್ಧಿಮಾತು ಹೇಳಿದ್ದರು. "ಕೈಗೆ ಬಂದದ್ದನ್ನು ಟೈಪು ಮಾಡು. ಯಾರ ಮೇಲೆ, ಯಾಕೆ ಅಂತ ಕೇಳಬೇಡ. ಕರಡು ಸಪ್ಪೆಯಾಗಿದ್ದರೆ ಮಾತ್ರ ತಿದ್ದು." ಅದನ್ನು ಪಾಲಿಸಿದ್ದರಿಂದ ನನಗೆ ಏನೇನಾಯಿತು ಎಂಬುದನ್ನು ಕೇಳಿ.

೧. ಬಾಲ ಮುರಿದ ಅಕ್ಷರ

ಇದು ಟಿ. ನರಸೀಪುರದಲ್ಲಿ ಆದದ್ದು, ತೊಂಬತ್ತರ ದಶಕದಲ್ಲಿ. ಅರ್ಜಿಗಳಿಗೆಂದೇ ನಾನು ಒಂದು ಹಳೆಯ ಯಂತ್ರವನ್ನು ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದೆ. ಅದರಲ್ಲಿ 'ಳ' ಅಕ್ಷರದ ಬಾಲ ಮುರಿದಿತ್ತು. ತಾಲೂಕಿನ ಯಾವ ಮೂಗರ್ಜಿ ನೋಡಿದರೂ ಅದರಲ್ಲಿನ ಹಳ್ಳಿ, ಬೆಳೆ, ಕಳ್ಳ ಎಲ್ಲಕ್ಕೂ ಬಾಲವಿರುತ್ತಿರಲಿಲ್ಲ. ರಿಪೇರಿಗೆ ಮೈಸೂರಿಗೆ ಒಯ್ಯಬೇಕಿತ್ತು. ಒಯ್ದರೆ ರಿಪೇರಿಯವನಿಗೆ ಗುಟ್ಟು ತಿಳಿದುಬಿಡುತ್ತದಲ್ಲ ಎಂದು ಹೆದರಿ ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಪೊಲೀಸ್ ದಫೇದಾರರೊಬ್ಬರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಜೇಬಿನಿಂದ ಮುದುರಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಒಂದ್ಸಾಲು ಟೈಪ್ ಮಾಡ್ರೀ."

"ಏನಂತ ಸಾರ್?"

"ಮಳೆ, ಬೆಳೆ, ಹಳ್ಳಿ, ಕಳ್ಳ."

ಮೆಲ್ಲಗೆ ಬಾಗಿಲ ಬಳಿಯ ಒಳ್ಳೆಯ ಯಂತ್ರದ ಮುಂದೆ ಕುಳಿತೆ.

"ಅದ್ರಲ್ಲಲ್ಲ. ಮೂಲೇಲಿ ಬಟ್ಟೆ ಹೊದ್ಕೊಂಡು ಕೂತೈತಲ್ಲ, ಅದ್ರಲ್ಲಿ."

ಗಾಬರಿಯಲ್ಲಿ ಹೊಡೆದು ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡವು. ಬಿಡಿಸಿ ಬಿಡಿಸಿ ನಾಲ್ಕು ಮಾತು ಹೊಡೆಯುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ದಫೇದಾರರು ಎರಡೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನಿಮ್ದೇ. ನನ್ ಮೇಲೆ ಬರ್ದಿರೋ ಅರ್ಜಿ ಇದು. ನಮ್ ಸಾಹೇಬ್ರು ಬುಟ್ಟಿಗಾಕಿದ್ರು, ನಾನೇ ಎತ್ಕೊಂಡ್ ಬಂದೆ."

ನಾನು ಹಾಗೇ ನೆಲದ ಮೇಲೆ ಕುಳಿತುಬಿಟ್ಟೆ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು.

"ಅಯ್ಯೋ, ಹೆದರ್ಬ್ಯಾಡ್ರಿ. ಆರು ವರ್ಷದಿಂದ ನಮ್ಮೂರ ಕಡೆ ವರ್ಗ ಕೇಳ್ತಾವ್ನಿ, ಕೊಡ್ತಿಲ್ಲ. ಯಾರೋ ಪುಣ್ಯಾತ್ಮ ನನ್ ಮೇಲೆ ಅರ್ಜಿ ಹಾಕ್ದ, ಈಗಾದ್ರೂ ಎತ್ತಾಕ್ತಾರೆ ಅಂತ ಪೆಟ್ಟಿಗೆ ಕಟ್ಕೊಂಡ್ ಕೂತಿದ್ದೆ. ಏನೂ ಆಗ್ಲಿಲ್ಲ. ಹೆಸರಿಲ್ದಿರೋ ಅರ್ಜೀನ ಬುಟ್ಟಿಗಾಕ್ತಾರೆ ಕಣ್ರೀ, ಅದು ರೂಲು. ಹೆಸರಿದ್ರೆ ಮಾತ್ರ ವಿಚಾರಣೆ."

ಆಮೇಲೆ ದನಿ ತಗ್ಗಿಸಿ ಹೇಳಿದರು: "ಯಾರ ಹೆಸ್ರಾದ್ರೂ ಸರಿ, ಒಂದು ಹೆಸ್ರಾಕಿ ಇದನ್ನೇ ಇನ್ನೊಂದ್ಸಲ ಕಳ್ಸಿ. ಇನ್ನೊಂಚೂರು ಖಾರವಾಗಿ ಬರೀರಿ."

೨. ಸೀಲು

ದಫೇದಾರರು ನಗುನಗುತ್ತಲೇ ಹೋದರು. ನಾನು ಮಾತ್ರ ಆ ತಿಂಗಳೇ ಶಾಲೆಗೆ ಬೀಗ ಹಾಕಿ ನಂಜನಗೂಡಿಗೆ ಕಂಬಿ ಕಿತ್ತೆ. ನನ್ನ ಹೆಂಡತಿಯ ತವರು ಅದು. ಪಾತ್ರೆಪಗಡವನ್ನೆಲ್ಲ ಇಳಿಸಿ ಆದ ಮೇಲೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು: "ನೋಡಿ, ಇದೇ ಕೊನೆ. ಇನ್ನೊಂದ್ಸಲ ಹೆದರ್ಕೊಂಡು ಊರು ಬಿಡೋದಾದ್ರೆ ನೀವೊಬ್ರೇ ಬಿಡಿ. ನಾನು ಇಲ್ಲಿಂದ ಏಳಲ್ಲ." ಅವಳು ಹೇಳಿದರೆ ಹೇಳಿದ ಹಾಗೇ. ಆವತ್ತಿನಿಂದ ನನಗೆ ಎಲ್ಲ ಭಯಗಳ ಮೇಲೆ ಇದೊಂದು ಭಯ ಸೇರಿಕೊಂಡಿತು: ಈ ಊರಿನಲ್ಲಿ ಅಂಗಡಿ ಹೋದರೆ ಸಂಸಾರವೂ ಹೋಯಿತು.

ಎರಡು ಸಾವಿರದ ಆಚೀಚೆ ಸೈಬರ್ ಸೆಂಟರ್ ತೆರೆದೆ. ಕಂಪ್ಯೂಟರ್ ಕಂಡು ನನಗೆ ಆದ ಸಂತೋಷಕ್ಕೆ ಒಂದೇ ಕಾರಣ. ಅದರ ಅಕ್ಷರಗಳಿಗೆ ಬಾಲ ಮುರಿಯುವುದಿಲ್ಲ. ಯಾವ ಊರಿನ ಯಾವ ಅಂಗಡಿಯ 'ಳ' ಆದರೂ ಒಂದೇ ಥರ. ಇನ್ನು ಯಾವ ದಫೇದಾರರೂ ನನ್ನನ್ನು ಹುಡುಕಿಕೊಂಡು ಬರಲಾರರು.

ಆಗ ಕನ್ನಡದಲ್ಲಿ ಬರೆದ ಮೇಲ್ ಆ ಕಡೆ ಅಕ್ಷರದ ಬದಲು ಬರೀ ಚೌಕಗಳಾಗಿ ಕಾಣುತ್ತಿತ್ತು. ಅದಕ್ಕೇ ಅರ್ಜಿಯನ್ನು ಟೈಪು ಮಾಡಿ, ಪ್ರಿಂಟ್ ತೆಗೆದು, ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸುತ್ತಿದ್ದೆ. ಎಲ್ಲರ ಅರ್ಜಿಗೂ ಒಂದೇ ಇಮೇಲ್ ವಿಳಾಸ, ನಾನು ಮಾಡಿಟ್ಟದ್ದು. ವಿಳಾಸ ಏನೋ 'ನೊಂದ ನಾಗರಿಕ' ಎಂದೇ ಇಟ್ಟಿದ್ದೆ. ಆದರೆ ಅದನ್ನು ಮಾಡುವಾಗ ತೆರೆಯ ಮೇಲೆ ಒಂದು ನಮೂನೆ ಬಂದು, ನಿಮ್ಮ ಹೆಸರೇನು ಎಂದು ಕೇಳಿತು. ಸರ್ಕಾರಿ ನಮೂನೆ ತುಂಬಿ ತುಂಬಿ ಅಭ್ಯಾಸವಾದ ಕೈ. ಸುಳ್ಳು ಮಾಹಿತಿ ಕೊಟ್ಟರೆ ಶಿಕ್ಷೆ ಎಂದು ಎಲ್ಲ ನಮೂನೆಯ ಕೆಳಗೂ ಇರುತ್ತದಲ್ಲ. ಹೆದರಿ ನನ್ನ ಹೆಸರು, ತಂದೆಯ ಹೆಸರು ಎರಡನ್ನೂ ಸತ್ಯವಾಗಿ ತುಂಬಿದೆ. ಆ ಕಡೆಯವರಿಗೆ ಕಾಣುವುದು ವಿಳಾಸ ಮಾತ್ರ ಎಂದು ನಾನು ತಿಳಿದಿದ್ದೆ. ಏನು ಕಾಣುತ್ತದೆ ಎಂಬುದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಇನ್ನೊಂದು ಮಾತು. ಬಂದ ಉತ್ತರಗಳ ಪೆಟ್ಟಿಗೆಯನ್ನು ನಾನು ಒಮ್ಮೆಯೂ ತೆರೆಯಲಿಲ್ಲ. ಒಳಗೆ ಏನಿರುತ್ತದೋ ಎಂಬ ಭಯ.

ಮೊದಮೊದಲು ಬಂದವರಲ್ಲಿ ಒಬ್ಬ ಯಜಮಾನರಿದ್ದರು. ಹುಲ್ಲಹಳ್ಳಿ ಬಸ್ಸಿನಲ್ಲಿ ಬಂದವರು. ಅವರ ಗದ್ದೆಯ ತೂಬಿಗೆ ಹದಿನೈದು ದಿನದಿಂದ ನೀರು ಬಿಟ್ಟಿರಲಿಲ್ಲ. ಬೆಂಗಳೂರಿಗೇ, ಅದೂ ಎಲ್ಲರಿಗಿಂತ ಮೇಲಿನವರಿಗೇ ಅರ್ಜಿ ಹೋಗಬೇಕು ಎಂದರು. ಕಳಿಸಿದೆ. "ಹೋಯ್ತು" ಎಂದೆ. ಯಜಮಾನರು ಏಳಲಿಲ್ಲ.

"ಸೀಲು?"

"ಯಾವ ಸೀಲು ಯಜಮಾನ್ರೇ?"

"ಅರ್ಜಿ ಕೊಟ್ಮೇಲೆ ನಮ್ ಕಡೆ ಕಾಪಿಗೆ ಸೀಲೊತ್ತಿ ಕೊಡ್ಬೇಕಲ್ವಾ ಸಾ? ಸೀಲಿಲ್ದೆ ಊರಿಗೆಂಗೆ ಓಗನೆ?"

ಇದರಲ್ಲಿ ಸೀಲು ಇರುವುದಿಲ್ಲ ಎಂದು ಅರ್ಧ ಗಂಟೆ ಹೇಳಿದೆ. ತೆರೆಯ ಮೇಲೆ 'ನಿಮ್ಮ ಸಂದೇಶ ಕಳಿಸಲಾಗಿದೆ' ಎಂದು ಇಂಗ್ಲಿಷಿನಲ್ಲಿ ಬಂದಿದ್ದನ್ನು ಪ್ರಿಂಟ್ ತೆಗೆದು ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ "ಸೀಲು?" ಅಂದರು. ಹಿಂದೆ ಜನ ಸಾಲುಗಟ್ಟಿದ್ದರು. ಸಾಕಪ್ಪ ಎಂದು ನನ್ನ ಹಳೆಯ ಬೆರಳಚ್ಚು ಶಾಲೆಯ ದುಂಡನೆಯ ರಬ್ಬರ್ ಸ್ಟಾಂಪನ್ನು ಡ್ರಾಯರಿನಿಂದ ತೆಗೆದು ಒತ್ತಿ ಕಳಿಸಿದೆ.

ಅವರು ಬೀದಿಯ ತಿರುವು ದಾಟಿದ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು. ಸರ್ಕಾರದ ಹೆಸರಿಗೆ ಹೋದ ಕಾಗದಕ್ಕೆ ಮುಚ್ಚಿಹೋದ ಶಾಲೆಯ ಸೀಲು! ಇದು ಫೋರ್ಜರಿ ಅಲ್ಲದೆ ಇನ್ನೇನು? ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅಂಗಡಿಯ ಮುಂದೆ ಜೀಪು ನಿಂತಿತು. ನೀರಾವರಿಯ ಇಂಜಿನಿಯರೊಬ್ಬರು ಇಳಿದರು. ಕೈಯಲ್ಲಿ ನಾನು ಸೀಲೊತ್ತಿದ ಅದೇ ಕಾಗದ, ಯಜಮಾನರು ಒಯ್ದು ತೋರಿಸಿದ್ದರಂತೆ.

"ಇದು ನಿಮ್ಮಲ್ಲೇ ತೆಗೆದದ್ದಾ?"

ಕಾಲಿಗೆ ಬೀಳೋಣ ಎಂದು ನಾನು ಬಗ್ಗಿದೆ. ಅಷ್ಟರಲ್ಲಿ ಅವರೇ ಕರ್ಚೀಫಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದರು.

"ಸ್ವಾಮೀ, ಬೆಂಗಳೂರಿಗೆ ಹೋಗೋ ಮುಂಚೆ ನಮಗೊಂದು ಮಾತು ಹೇಳ್ಬಾರ್ದಾ? ಇವತ್ತು ಬೆಳಗ್ಗೆನೇ ನಾನೇ ನಿಂತು ತೂಬು ತೆಗೆಸಿದ್ದೀನಿ. ನೀರು ಬಿಟ್ಟಾಯ್ತು ಅಂತ ಅದೇ ಕಡೆಗೆ ಒಂದು ಹಾಕ್ಬಿಡಿ."

ಹಾಕಿದೆ. ಪ್ರಿಂಟ್ ಕೊಟ್ಟೆ. ಇಂಜಿನಿಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಏಳಲಿಲ್ಲ.

"ಸೀಲು?" ಅಂದರು.

೩. ನಾಲ್ಕು ಕಂಪ್ಯೂಟರಿನ ಚುನಾವಣೆ

ನಮ್ಮ ಕಡೆ ಆಗ ಇಬ್ಬರು ಮುಖಂಡರಿದ್ದರು. ಒಬ್ಬರನ್ನು ಎಲ್ಲರೂ 'ಅಧ್ಯಕ್ಷರು' ಅನ್ನುತ್ತಿದ್ದರು. ಯಾವುದರ ಅಧ್ಯಕ್ಷರು ಎಂಬುದು ಯಾರಿಗೂ ನೆನಪಿರಲಿಲ್ಲ. ಇನ್ನೊಬ್ಬರನ್ನು 'ಮಾಜಿ' ಅನ್ನುತ್ತಿದ್ದರು. ಒಂದು ಚುನಾವಣೆಯಲ್ಲಿ ಇಬ್ಬರೂ ಎದುರುಬದುರು ನಿಂತರು. ಯಾವುದೋ ಸುದ್ದಿಯ ವೆಬ್‌ಸೈಟಿನವರು 'ಈ ಕ್ಷೇತ್ರದಲ್ಲಿ ಗೆಲ್ಲುವವರು ಯಾರು?' ಎಂದು ಕೇಳಿ, ಮೂರು ಹೆಸರು ಕೊಟ್ಟು, ಬೇಕಾದ ಹೆಸರಿನ ಮೇಲೆ ಒತ್ತಿ ಎಂದು ಹಾಕಿಬಿಟ್ಟರು. ಮೂರನೆಯ ಹೆಸರು ಒಬ್ಬ ಪಕ್ಷೇತರರದ್ದು. ಸೈಕಲ್ಲಿನಲ್ಲಿ ತಾವೇ ಮೈಕು ಕಟ್ಟಿಕೊಂಡು ಓಡಾಡುತ್ತಿದ್ದವರು.

ಮರುದಿನ ಅಂಗಡಿ ತೆರೆದು ಗುಡಿಸಿ ಆಗುತ್ತಿದ್ದಂತೆ ಅಧ್ಯಕ್ಷರ ಕಡೆಯ ಎಂಟು ಜನ ಎರಡು ಕಂಪ್ಯೂಟರ್ ಹಿಡಿದರು. ಹಿಂದೆಯೇ ಮಾಜಿಯ ಕಡೆಯ ಎಂಟು ಜನ ಬಂದು ಉಳಿದೆರಡನ್ನು ಹಿಡಿದರು. ನಡುವೆ ಒಂದು ಪ್ಲೈವುಡ್ಡಿನ ಗೋಡೆ, ಆ ಗೋಡೆಯ ಹತ್ತಿರ ನಾನು.

ಟಕ್ ಟಕ್ ಟಕ್. ಊಟದ ಹೊತ್ತಿಗೂ ಏಳಲಿಲ್ಲ. ಒಬ್ಬನ ಬೆರಳು ನೊಂದರೆ ಇನ್ನೊಬ್ಬ ಕೂರುತ್ತಿದ್ದ. ಈ ಕಡೆಯವರು ನನ್ನ ಕಿವಿಯಲ್ಲಿ, "ಏನಾರಾ ನಮ್ಮೋರು ಹಿಂದೆ ಬಿದ್ರೋ, ನಿನ್ ಅಂಗಡಿ ನೋಡ್ಕೊಳ್ತೀವಿ ಕಣಪ್ಪ" ಅಂದರು. ಆ ಕಡೆಯವರೂ ಅದೇ ಮಾತನ್ನು ಇನ್ನೊಂದು ಕಿವಿಯಲ್ಲಿ ಅಂದರು. ಯಾರಾದರೊಬ್ಬರು ಗೆದ್ದರೆ ಇನ್ನೊಬ್ಬರು ಅಂಗಡಿ ಒಡೆಯುವುದು ಖಂಡಿತ ಎಂದು ನನಗೆ ಗೊತ್ತಿತ್ತು. ಕರೆಂಟ್ ಹೋಗಲಿ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಎಂದೂ ಇಲ್ಲದೆ ಆ ದಿನವಿಡೀ ಕರೆಂಟ್ ಇತ್ತು.

ಭಯಕ್ಕೆ ಇನ್ನೂ ಒಂದು ಕಾರಣವಿತ್ತು. ಪ್ರತಿ ಸಲ ಒತ್ತಿದಾಗಲೂ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. 'ಧನ್ಯವಾದ, ನೀವಿರುವ ಜಾಗದಿಂದ ಈಗಾಗಲೇ ಒಂದು ಮತ ಬಂದಿದೆ, ಇದನ್ನು ಸೇರಿಸುವುದಿಲ್ಲ' ಎಂದು ಅದರ ಅರ್ಥ. ಒಂದು ಅಂಗಡಿಗೆ ಒಂದೇ ಓಟು. ಹುಡುಗರು 'ಧನ್ಯವಾದ' ಎಂಬಷ್ಟನ್ನು ಓದಿ, "ಥ್ಯಾಂಕ್ಸ್ ಹೇಳ್ತಾವ್ರೆ ಕಣ್ಲಾ, ಒತ್ತು ಒತ್ತು" ಎಂದು ಹುರುಪುಗೊಳ್ಳುತ್ತಿದ್ದರು. ನಿಜ ಹೇಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

ಆ ಒಂದು ಓಟು ಯಾರದು ಎಂಬುದು ನನಗೆ ಗೊತ್ತಿತ್ತು. ಬೆಳಗ್ಗೆ ಅಂಗಡಿ ಗುಡಿಸುವ ಅಕ್ಕ ಈ ಮೂರು ಹೆಸರು ನೋಡಿ ಇದೇನು ಎಂದು ಕೇಳಿದ್ದಳು. ಹೇಳಿದ್ದೆ. "ಹಂಗಾರೆ ಇವ್ನಿಗೆ ಒತ್ತಲಾ? ಪಾಪ, ಸೈಕಲ್ ತುಳ್ಕಂಡ್ ಓಡಾಡ್ತದೆ" ಎಂದು ಪೊರಕೆ ಕೆಳಗಿಟ್ಟು ಪಕ್ಷೇತರರ ಹೆಸರನ್ನು ಒತ್ತಿದ್ದಳು.

ಸಂಜೆ ನೋಡಿದರೆ ಅಧ್ಯಕ್ಷರೂ ಇದ್ದಲ್ಲೇ, ಮಾಜಿಯೂ ಇದ್ದಲ್ಲೇ. ಪಕ್ಷೇತರರು ಇಬ್ಬರಿಗಿಂತಲೂ ಒಂದು ಓಟಿನಿಂದ ಮುಂದಿದ್ದರು. ಹದಿನಾರು ಜನವೂ ಎದ್ದು ನನ್ನ ಸುತ್ತ ನಿಂತು, "ಯಾವನಪ್ಪ ಅವ್ನು? ಇಷ್ಟು ಜನ ಒತ್ತಿದ್ರೂ ಅಲ್ಲಾಡ್ಲಿಲ್ವಲ್ಲ, ಅವ್ನ್ ಹಿಂದೆ ಎಷ್ಟು ಸಾವಿರ ಜನ ಇರ್ಬೇಕು!" ಎಂದರು. ಗುಡಿಸುವ ಅಕ್ಕ ಬಕೆಟ್ ಹಿಡಿದು ಅವರ ಕಾಲ ಬಳಿ ಒರೆಸುತ್ತಾ, "ಜರುಗ್ರಪ್ಪ ಆ ಕಡೆ" ಎಂದಳು.

೪. ಕೈ ಮುಗಿಯುವ ಊರು

ಅಂಗಡಿಗೆ ಒಳ್ಳೆಯ ಹೆಸರು ಬಂತು. ನನ್ನಲ್ಲಿ ಮೂಗರ್ಜಿ ಹಾಕಿಸಿದರೆ ಕೆಲಸ ಆಗುತ್ತದೆ ಎಂದು ಊರೂರಿನಲ್ಲಿ ಮಾತಾಯಿತು. ಹೆಮ್ಮರಗಾಲದ ಕಡೆಯವರು ರಸ್ತೆಯ ಗುಂಡಿಗಳ ಬಗ್ಗೆ ಹಾಕಿಸಿದರು, ತಿಂಗಳೊಳಗೆ ಜಲ್ಲಿ ಬಂದು ಬಿತ್ತು. ದೇವನೂರಿನ ಕಡೆಯವರು ಸಂಜೆಯ ಬಸ್ಸು ಬೇಕು ಎಂದು ಹಾಕಿಸಿದರು, ಬಸ್ಸು ಬಂತು. ಟೈಪ್‌ರೈಟರಿನ ಕಾಲದಲ್ಲಿ ಹತ್ತು ವರ್ಷ ಹೊಡೆದರೂ ಒಂದು ಬೀದಿದೀಪ ಹತ್ತಿರಲಿಲ್ಲ. "ಇಂಟರ್‌ನೆಟ್ ಅಂದ್ರೆ ಇಂಟರ್‌ನೆಟ್ಟೇ ಬುಡಿ ಸಾ" ಎಂದು ಜನ ತಲೆದೂಗುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಅಧ್ಯಕ್ಷರ ಮೇಲೆ ಮಾಜಿಯ ಕಡೆಯವರು, ಮಾಜಿಯ ಮೇಲೆ ಅಧ್ಯಕ್ಷರ ಕಡೆಯವರು, ಇಬ್ಬರ ಮೇಲೂ ಅವರವರ ಕಡೆಯವರೇ, ಹೀಗೆ ಎಲ್ಲರೂ ಚಪ್ಪಲಿಯನ್ನು ಪಕ್ಕದ ಅಂಗಡಿಯ ಮುಂದೆ ಬಿಟ್ಟು ಬಂದರು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ನನಗೆ ಜನ ಕೈ ಮುಗಿಯತೊಡಗಿದರು. ಜನ ಅಂದರೆ ಎಲ್ಲರೂ ಅಲ್ಲ, ಅಧಿಕಾರದಲ್ಲಿದ್ದವರು ಮಾತ್ರ. ಕಂದಾಯ ಕಟ್ಟಲು ಸಾಲಿನಲ್ಲಿ ನಿಂತರೆ ಒಳಗಿನಿಂದ ಗುಮಾಸ್ತರು ಓಡಿ ಬಂದು, "ನೀವ್ಯಾಕೆ ಸಾರ್ ನಿಲ್ತೀರಿ?" ಎಂದು ಕುರ್ಚಿ ಹಾಕುತ್ತಿದ್ದರು. ಒಂದು ಮದುವೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಧ್ಯಕ್ಷರು ಎದ್ದು ನಿಂತರು. ಊಟದ ಪಂಕ್ತಿಯಲ್ಲಿ ತಾವೇ ಬಂದು ನನ್ನ ಎಲೆಗೆ ಎರಡು ಸೌಟು ಪಾಯಸ ಹಾಕಿಸಿದರು. ಹಾಕಿಸಿ ಅಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಪಾಯಸದ ಮೇಲೆಯೇ ಎಲೆ ಮಡಚಿ ಎದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಕಡಿಯೋ ಮುಂಚೆ ಕುರಿಗೆ ಹಾರ ಹಾಕ್ತಾರಲ್ಲ, ಹಾಗೆ ಕಾಣ್ತದೆ ಕಣೇ."

"ನಿಮಗೆ ಬೈದ್ರೂ ಭಯ, ಮರ್ಯಾದೆ ಕೊಟ್ರೂ ಭಯ. ಯಾವ್ದಾದ್ರೂ ಒಂದು ಇಟ್ಕೊಳ್ಳಿ" ಎಂದು ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ಕೊನೆಗೆ ಒಂದು ದಿನ ಮಾಜಿಯವರೇ ಹತ್ತಾರು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕುಳಿತು ನನ್ನನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಒಂದ್ಮಾತು ನಿಜ ಹೇಳಿ. ನೀವು ಯಾರ ಕಡೆ?"

ನನಗೆ ಅಳು ಬರುವುದೊಂದು ಬಾಕಿ. "ನಾನು ಯಾರ ಕಡೆಯೂ ಅಲ್ಲ ಸಾರ್. ದೇವರಾಣೆಗೂ ನನಗೆ ನಿಮ್ಮಲ್ಲಿ ಯಾರನ್ನ ಕಂಡ್ರೂ ಭಯ."

ಮಾಜಿ ತಮ್ಮ ಜನರ ಕಡೆ ತಿರುಗಿ ಹೇಳಿದರು: "ನೋಡ್ದ್ರಾ? ಎಷ್ಟು ಆಳ ಐತೆ ಅಂತ. ಎದುರಿಗೇ ಕೂತು ಕೇಳಿದ್ರೂ ಬಾಯ್ಬಿಡ್ನಿಲ್ಲ."

೫. ಅರ್ಜಿದಾರ ಮತ್ತು ಎದುರುದಾರ

ಅದಾಗಿ ಒಂದು ವಾರಕ್ಕೆ ಅಧ್ಯಕ್ಷರ ಕಾರಿನ ಡ್ರೈವರ್ ಅಂಟು ಹಚ್ಚಿದ ಒಂದು ಕವರು ತಂದ. ಓದುಬರಹ ಅಷ್ಟಾಗಿ ಇಲ್ಲದ, ಒಳ್ಳೆಯ ಮನುಷ್ಯ.

"ಇದನ್ನ ಟೈಪ್ ಮಾಡ್ಸಿ ಇಂಟರ್‌ನೆಟ್ಟಿಗೆ ಹಾಕಿಸ್ಕಂಡ್ ಬಾ ಅಂದವ್ರೆ ಅಧ್ಯಕ್ಷರು. ಹೆಸ್ರು ಗಿಸ್ರು ಬ್ಯಾಡ್ವಂತೆ. ಮೈಸೂರಿಗೆ ಓಗಿ ಮಾಡ್ಸು ಅಂದ್ರು. ನೀವು ಇಲ್ಲೇ ಇರುವಾಗ ಅಲ್ಲಿಗಂಟ ಯಾಕೋಗ್ಲಿ ಸಾ?"

ಕವರು ಒಡೆದು ಓದಿದೆ. 'ನಂಜನಗೂಡಿನ ಬಜಾರ್ ಬೀದಿಯಲ್ಲಿ ಸೈಬರ್ ಸೆಂಟರ್ ಇಟ್ಟುಕೊಂಡಿರುವ ಈತನು ಯಾರಿಗೂ ಹೆದರದ ಗಂಡಾಂತರಕಾರಿ ವ್ಯಕ್ತಿಯಾಗಿದ್ದು' ಎಂದು ಶುರುವಾಗಿತ್ತು. ಪಾಪ, ಯಾರೋ ಏನೋ ಎಂದುಕೊಂಡೆ. ಯಾರಿಗೂ ಹೆದರದವನು ಎಂದ ಮೇಲೆ ಅದು ನಾನಿರಬಹುದು ಎಂದು ಹೊಳೆಯಲೇ ಇಲ್ಲ. ಬಜಾರ್ ಬೀದಿಯಲ್ಲಿ ಇರುವುದು ಒಂದೇ ಸೈಬರ್ ಸೆಂಟರ್ ಎಂಬುದು ಮೂರನೆಯ ಸಲ ಓದುವಾಗ ನೆನಪಾಯಿತು. ಕೆಳಗೆ ನನ್ನ ಹೆಸರೂ ಇತ್ತು. 'ಈತನ ಅಂಗಡಿಯನ್ನು ಮುಚ್ಚಿಸಿದರೆ ಉತ್ತಮವೆಂದು ತೋರುತ್ತದೆ' ಎಂದು ಮುಗಿದಿತ್ತು.

ಅಂಗಡಿ ಮುಚ್ಚಿಸುವುದು! ಟೈಪು ಮಾಡುವುದಿಲ್ಲ ಎಂದರೆ ಡ್ರೈವರ್ ಹೋಗಿ ಹೇಳುತ್ತಾನೆ, ನಾನು ಓದಿದೆನೆಂದು ಅಧ್ಯಕ್ಷರಿಗೆ ತಿಳಿಯುತ್ತದೆ. ಟೈಪು ಮಾಡಿದರೆ ನನ್ನ ಕುತ್ತಿಗೆಗೆ ನಾನೇ ಹಗ್ಗ. ಯೋಚಿಸುತ್ತಿದ್ದಂತೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹೊರಟವು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 'ಉತ್ತಮವೆಂದು ತೋರುತ್ತದೆ' ಎಂಬುದು ಬಹಳ ಸಪ್ಪೆ ಅನ್ನಿಸಿತು. ಮೇಷ್ಟ್ರ ಮಾತು ನೆನಪಾಗಿ, 'ಕೂಡಲೇ ಮುಚ್ಚಿಸಿ, ಯಂತ್ರಗಳನ್ನು ಜಪ್ತಿ ಮಾಡಿ, ಸಾರ್ವಜನಿಕರನ್ನು ರಕ್ಷಿಸಬೇಕು' ಎಂದು ತಿದ್ದಿದೆ. ಕಳಿಸಿದೆ. ಡ್ರೈವರ್ ಕೇಳುವ ಮುಂಚೆಯೇ ಸೀಲೂ ಒತ್ತಿಕೊಟ್ಟೆ.

ಹೆಂಡತಿ ಕೇಳಿ ಹಣೆ ಚಚ್ಚಿಕೊಂಡಳು. "ನಿಮ್ ಮೇಲಿನ ಅರ್ಜೀನ ನೀವೇ ತಿದ್ದಿ ಕಳಿಸಿದ್ರಾ?"

"ಕರಡು ಚೆನ್ನಾಗಿರ್ಲಿಲ್ಲ ಕಣೇ" ಎಂದೆ.

ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಅವಳು ಬಂದು ಪೆಟ್ಟಿಗೆಯ ಮೇಲೆ ಕುಳಿತಳು. ಏಳಲೇ ಇಲ್ಲ. ಅಂದಿನಿಂದ ಬೀದಿಯಲ್ಲಿ ಜೀಪಿನ ಸದ್ದಾದರೆ ನನಗೆ ಜ್ವರ ಬರುತ್ತಿತ್ತು. ಗಿರಾಕಿಗಳು ಬಂದರೂ ಬಾಗಿಲು ಅರ್ಧವೇ ತೆರೆಯುತ್ತಿದ್ದೆ. ಊರು ಬಿಡೋಣವೆಂದರೆ ಹೆಂಡತಿ ಈ ಸಲ ನಿಜವಾಗಿಯೂ ಬರುವುದಿಲ್ಲ.

ಇಪ್ಪತ್ತು ದಿನಕ್ಕೆ ತಾಲೂಕು ಕಚೇರಿಯ ಶಿರಸ್ತೇದಾರರೊಬ್ಬರು ಅಂಗಡಿಗೆ ವಿಚಾರಣೆಗೆ ಬಂದರು. ವಯಸ್ಸಾದವರು, ದಪ್ಪ ಕನ್ನಡಕ, ಕಂಕುಳಲ್ಲಿ ಕೆಂಪು ದಾರ ಕಟ್ಟಿದ ಕಡತ. ಹೆಂಡತಿ ಅಂಗಡಿಯ ಹಿಂದಿನ ಮನೆಯಿಂದ ಕಾಫಿ ತಂದಿಟ್ಟು ಬಾಗಿಲ ಮರೆಗೆ ನಿಂತಳು.

"ನಿಮ್ಮ ಅಂಗಡಿ ಮೇಲೆ ಒಂದು ಅರ್ಜಿ ಬಂದಿದೆ" ಎಂದರು.

"ಅದು ಮೂಗರ್ಜಿ ಸಾರ್!" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅವರು ಕನ್ನಡಕದ ಮೇಲಿಂದ ನೋಡಿದರು. "ಮೂಗರ್ಜಿ ಆಗಿದ್ರೆ ನಾನ್ಯಾಕೆ ಬರ್ತಿದ್ದೆ? ಬುಟ್ಟಿಗೆ ಹಾಕಿ ಸುಮ್ಮನಾಗ್ತಿದ್ವಿ. ಹೆಸರಿದೆಯಲ್ಲ."

ಕಾಗದವನ್ನು ನನ್ನ ಕಡೆ ತಿರುಗಿಸಿದರು. ಇಮೇಲ್‌ನ ಪ್ರಿಂಟು. ಮೇಲ್ಗಡೆ, ಕಳಿಸಿದವರು ಎಂಬ ಕಡೆ, ನನ್ನ ಹೆಸರು. ಪಕ್ಕದಲ್ಲಿ ನನ್ನ ತಂದೆಯ ಹೆಸರು. ಆ ನಮೂನೆಯಲ್ಲಿ ಹೆದರಿಕೊಂಡು ಸತ್ಯವಾಗಿ ತುಂಬಿದ್ದೆನಲ್ಲ, ಅದು ಅಕ್ಷರ ಬಿಡದೆ ಹಾಗೇ ನಿಂತಿತ್ತು.

ಶಿರಸ್ತೇದಾರರು ಕಡತದ ದಾರ ಬಿಚ್ಚಿದರು. ಒಳಗೆ ಒಂದು ಗೇಣು ಕಾಗದ.

"ಎರಡು ವರ್ಷದಿಂದ ಕಟ್ಟಿಟ್ಟಿದ್ದೀವಿ. ಇದು ಅಧ್ಯಕ್ಷರ ಮೇಲೆ, ನಿಮ್ಮದು. ಇದು ಮಾಜಿಯವರ ಮೇಲೆ, ನಿಮ್ಮದು. ರಸ್ತೆ, ಬಸ್ಸು, ನೀರು, ಎಲ್ಲಾ ನಿಮ್ಮದೇ. ಇದು ನಮ್ಮ ಸಾಹೇಬ್ರ ಮೇಲೆ. ಇದು..." ಎಂದು ತಡೆದರು. "ಇದು ನನ್ನ ಮೇಲೆ. ಇರ್ಲಿ ಬಿಡಿ."

ಅವರು ಆ ಕಾಗದವನ್ನು ಕಡತದ ತಳಕ್ಕೆ ಸೇರಿಸಿ ಮತ್ತೆ ನನ್ನ ಕಡೆ ತಿರುಗಿದರು.

"ಎಷ್ಟು ಸಲ ಉತ್ತರ ಕಳಿಸಿದ್ವಿ, ಒಂದಕ್ಕಾದ್ರೂ ನೀವು ಮಾತಾಡಿದ್ರಾ? ಈ ಮನುಷ್ಯ ಒಪ್ಪಲಿಲ್ಲ, ಇನ್ನೂ ಮೇಲಕ್ಕೆ ಹೋಗ್ತಾನೆ ಅಂತ ನಮ್ಮ ಮೇಲಿನವರು ಹೆದರಿ ರಸ್ತೆಗೆ ಜಲ್ಲಿ ಹಾಕಿಸಿದ್ರು, ಬಸ್ ಬಿಡಿಸಿದ್ರು. ನನ್ನ ಸರ್ವೀಸಿನಲ್ಲಿ ಹೆಸರು ಹಾಕಿ ಎಲ್ಲರ ಮೇಲೂ ಬರೆದ ಗಂಡಸು ನೀವೊಬ್ರೇ ನೋಡಿ."

ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿ ಇಲ್ಲ. ಇಡೀ ತಾಲೂಕಿನ ಅಷ್ಟೂ ದೊಡ್ಡವರ ಮೇಲೆ, ಒಬ್ಬರನ್ನೂ ಬಿಡದೆ, ನಾನು ದೂರು ಹಾಕಿದ್ದೆ! ಮದುವೆಯ ಪಾಯಸ, ಗುಮಾಸ್ತರ ಕುರ್ಚಿ, ಎಲ್ಲ ಒಟ್ಟಿಗೇ ಅರ್ಥವಾಯಿತು. ದಫೇದಾರರು ಅಂದೇ ಹೇಳಿದ್ದರು, ಹೆಸರಿದ್ದರೆ ಮಾತ್ರ ಕೆಲಸ ಎಂದು. ಸುಳ್ಳು ಹೇಳಬಾರದು, ಆ ಭಯದ ಅಡಿಯಲ್ಲಿ ಎಲ್ಲೋ ಒಂದು ಚೂರು ಸಂತೋಷವೂ ಆಯಿತು. ಆ ಬಸ್ಸು ಬಂದದ್ದು ಇಂಟರ್‌ನೆಟ್ಟಿನಿಂದಲ್ಲ, ನನ್ನಿಂದ.

"ಈಗ ನಿಮ್ಮ ಮೇಲೇ ಹಾಕ್ಕೊಂಡಿದ್ದೀರಿ. ಯಾಕೆ?" ಎಂದು ಅವರು ಕೇಳಿದರು.

ಅಧ್ಯಕ್ಷರ ಹೆಸರು ಹೇಳುವ ಧೈರ್ಯ ಇರಲಿಲ್ಲ. "ಎಲ್ಲರ ಮೇಲೂ ಹಾಕಿದ್ದೆ ಸಾರ್. ನಾನೊಬ್ಬನೇ ಉಳಿದಿದ್ದೆ" ಎಂದುಬಿಟ್ಟೆ.

ಶಿರಸ್ತೇದಾರರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಷ್ಪಕ್ಷಪಾತ ಅಂದ್ರೆ ಇದು ಕಣ್ರೀ" ಎಂದು ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಪೆನ್ನಿನ ಕ್ಯಾಪು ತೆಗೆದರು. "ಆದ್ರೂ ರೂಲು ರೂಲೇ. ಹೆಸರಿರೋ ಅರ್ಜಿ, ಹಾಕಿದವರದ್ದೂ, ಯಾರ ಮೇಲೆ ಹಾಕಿದ್ಯೋ ಆ ಎದುರುದಾರರದ್ದೂ, ಇಬ್ಬರ ಹೇಳಿಕೆಯೂ ಬೇಕು. ಅರ್ಜಿದಾರರು ಪಟ್ಟು ಹಿಡಿದ್ರೆ ಅಂಗಡಿ ಮುಚ್ಚಿಸಬೇಕಾಗುತ್ತೆ. ಹಿಡೀತಾರಾ?"

ನಾನು ಬಾಗಿಲ ಕಡೆ ನೋಡಿದೆ. ಹೆಂಡತಿ ಮರೆಯಿಂದಲೇ ಹೇಳಿದಳು: "ಇಲ್ಲ ಸಾರ್. ಅವ್ರು ಇಲ್ಲೀವರ್ಗೂ ಯಾವ ಪಟ್ಟೂ ಹಿಡಿದೋರಲ್ಲ."

"ಎದುರುದಾರರೇನಾದ್ರೂ ತಕರಾರು ಮಾಡ್ತಾರಾ?"

"ಅವ್ರೂ ಅಷ್ಟೇ ಸಾರ್."

"ಹಾಗಾದ್ರೆ ಇಬ್ಬರೂ ರಾಜಿ ಆಗ್ಬಿಡಿ, ಅಂಗಡಿ ಉಳ್ಕೊಳ್ಳುತ್ತೆ" ಎಂದು ಅವರು ಬರೆಯತೊಡಗಿದರು. 'ಅರ್ಜಿದಾರರು ಮತ್ತು ಎದುರುದಾರರು ಗ್ರಾಮಸ್ಥರ ಸಮಕ್ಷಮ ಪರಸ್ಪರ ಮಾತಾಡಿಕೊಂಡು, ಹಳೆಯ ವೈಷಮ್ಯ ಮರೆತು, ಮುಂದೆ ಅನ್ಯೋನ್ಯವಾಗಿ ಬಾಳುವುದಾಗಿ ಒಪ್ಪಿರುತ್ತಾರೆ.' ಗ್ರಾಮಸ್ಥರ ಕಡೆಯಿಂದ ಅಂಗಡಿ ಗುಡಿಸುವ ಅಕ್ಕ ಹೆಬ್ಬೆಟ್ಟು ಒತ್ತಿದಳು.

"ಅರ್ಜಿದಾರರು ಇಲ್ಲಿ" ಎಂದು ಬೆರಳು ತೋರಿಸಿದರು. ರುಜು ಹಾಕಿದೆ. "ಎದುರುದಾರರು ಇಲ್ಲಿ." ಅಲ್ಲೂ ಹಾಕಿದೆ. ಕೈ ಎಷ್ಟು ನಡುಗುತ್ತಿತ್ತೆಂದರೆ, ಒಂದು ರುಜು ಮೇಲಕ್ಕೆ ಹೋಯಿತು, ಇನ್ನೊಂದು ಕೆಳಕ್ಕೆ. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಇದೂ ಫೋರ್ಜರಿ ಆಯಿತಲ್ಲ ಎಂದುಕೊಂಡೆ.

ಶಿರಸ್ತೇದಾರರು ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ಹೋಲಿಸಿ ನೋಡಿದರು. ಕಡತ ಮುಚ್ಚಿ ದಾರ ಕಟ್ಟುತ್ತಾ ಸಮಾಧಾನದಿಂದ ಹೇಳಿದರು: "ಬಹಳ ಒಳ್ಳೇದಾಯ್ತು ಬಿಡಿ. ಎರಡೂ ಒಂದೇ ಥರ ಇದ್ದಿದ್ರೆ ಮೇಲಿನವರಿಗೆ ಅನುಮಾನ ಬರ್ತಿತ್ತು."